ಸರ್ವರ್‌ಗೊಂದು ಹೆಸರಿಡಿ



2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ಡೇಟಾಬೇಸ್ ರಿಪೇರಿಗೆ ಕೂತಿದ್ದರು. ಅಳಿಸಬೇಕಿದ್ದದ್ದು ‘ಡಿಬಿ2’ ಸರ್ವರ್‌ನ ಫೋಲ್ಡರ್, ಅಳಿಸಿದ್ದು ‘ಡಿಬಿ1’ರದ್ದು. ತಕ್ಷಣ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ. ಆರು ಗಂಟೆಗಳಷ್ಟು ಮಾಹಿತಿ ವಾಪಸ್ ಬರಲೇ ಇಲ್ಲ.

ಅಲ್ಲಿ ಹೆಸರಾದರೂ ಇತ್ತು. ಅಮೆಜಾನ್ ಕ್ಲೌಡ್‌ನಲ್ಲಿ ಹೊಸ ಲಿನಕ್ಸ್ ಸರ್ವರ್‌ಗೆ ಸಾಮಾನ್ಯವಾಗಿ ವಿಳಾಸವೇ ಹೆಸರು: ಐಪಿ-172-31-5-19. ಪಕ್ಕದ್ದು ಐಪಿ-172-31-9-15. ಮನೆ ನಂಬರನ್ನೇ ಮಗುವಿಗೆ ಇಟ್ಟ ಹಾಗೆ! ಪುಣೆಯಲ್ಲೋ ಹೈದರಾಬಾದಿನಲ್ಲೋ ನೈಟ್ ಶಿಫ್ಟ್ ಮಾಡುವವರು ನಿದ್ದೆಗಣ್ಣಲ್ಲಿ ಯಾವುದು ಅಸಲಿ, ಯಾವುದು ಟೆಸ್ಟ್ ಅಂತ ಹೇಗೆ ಗುರುತಿಸಬೇಕು?

ಹೆಸರು ಬದಲಿಸಲು ‘ಹೋಸ್ಟ್‌ನೇಮ್‌ಸಿಟಿಎಲ್’ ಎಂಬ ಕಮಾಂಡ್ ಇದೆ, ಒಂದೇ ಸಾಲಿನ ಕೆಲಸ. ಆದರೆ ಕೆಲವೊಮ್ಮೆ ರೀಬೂಟ್ ಆದ ಮೇಲೆ ಹಳೇ ಹೆಸರೇ ಬಂದು ಕೂತಿರುತ್ತದೆ. ಇದು ‘ಕ್ಲೌಡ್-ಇನಿಟ್’ ಎಂಬ ಪ್ರೋಗ್ರಾಮಿನ ಕಿತಾಪತಿ. ಅದರ ಕಾನ್ಫಿಗರೇಶನ್ ಫೈಲಿನಲ್ಲಿ ‘ಪ್ರಿಸರ್ವ್ ಅಂಡರ್‌ಸ್ಕೋರ್ ಹೋಸ್ಟ್‌ನೇಮ್’ ಎಂಬುದನ್ನು ‘ಟ್ರೂ’ ಮಾಡಿದರೆ ನೀವಿಟ್ಟ ಹೆಸರು ನಿಲ್ಲುತ್ತದೆ. ‘ಇಟಿಸಿ ಹೋಸ್ಟ್ಸ್’ ಫೈಲಿಗೂ ಹೊಸ ಹೆಸರು ಸೇರಿಸಿ, ಇಲ್ಲದಿದ್ದರೆ ‘ಸುಡೊ’ ಗೊಣಗಬಹುದು.

ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್ ಸಾಕು, ಅಂಡರ್‌ಸ್ಕೋರ್ ಬೇಡ. ‘ಬಿಲ್ಲಿಂಗ್-ಪ್ರಾಡ್’, ‘ಬಿಲ್ಲಿಂಗ್-ಟೆಸ್ಟ್’ ಎಂದು ಇಡುವವರಿದ್ದಾರೆ. ನನಗಂತೂ ‘ಪ್ರಾಡ್-ಬಿಲ್ಲಿಂಗ್’ ವಾಸಿ. ಎಚ್ಚರಿಕೆಯ ಮಾತು ಕಣ್ಣಿಗೆ ಮೊದಲು ಬೀಳಲಿ. ಗಿಟ್‌ಲ್ಯಾಬ್‌ನವರೂ ಆಮೇಲೆ, ಕಮಾಂಡ್ ಸಾಲಿನಲ್ಲಿ ಯಾವ ಯಂತ್ರವೆಂದು ಎದ್ದು ಕಾಣಬೇಕು ಎಂಬುದನ್ನು ತಮ್ಮ ಸುಧಾರಣೆಯ ಪಟ್ಟಿಗೆ ಸೇರಿಸಿಕೊಂಡರು.

ಹೆಸರು ಬದಲಿಸಿದ ಮೇಲೆ ಒಮ್ಮೆ ಲಾಗ್ಔಟ್ ಆಗಿ ಬನ್ನಿ. ಮೊದಲೇ ತೆರೆದಿಟ್ಟ ವಿಂಡೋ ಇನ್ನೂ ಹಳೇ ಹೆಸರನ್ನೇ ತೋರಿಸುತ್ತಿರುತ್ತದೆ.