ಅಕ್ಕನಿಗೆ ಕೊಟ್ಟ ಮಾತು



ಇವತ್ತು ನಾವು ದೂರದ ಊರಿನ ಒಬ್ಬ ಹೆಂಗಸಿನ ವಿಷಯ ಮಾತಾಡೋಣ. ಅವರ ಹೆಸರು ಅರ್ನೆಸ್ಟೈನ್ ಶೆಫರ್ಡ್. ಊರು ಅಮೆರಿಕ ದೇಶದ ಬಾಲ್ಟಿಮೋರ್. ಹುಟ್ಟಿದ್ದು 1936ರಲ್ಲಿ.

ಅವರು ಹೆಸರು ಮಾಡಿದ್ದು ದೇಹದಾರ್ಢ್ಯದಲ್ಲಿ. ಈ ಪದದ ಒತ್ತಕ್ಷರ ಸ್ವಲ್ಪ ಕಷ್ಟ. ಬಿಡಿಸಿ ಓದಿ: ದೇಹ, ದಾರ್ಢ್ಯ. ಮೈಯನ್ನು ಗಟ್ಟಿ ಮಾಡಿಕೊಳ್ಳೋದು ಅಂತ ಅರ್ಥ. ನಮ್ಮ ಕಡೆ ಗರಡಿಮನೆಯಲ್ಲಿ ಗಂಡಸರು ಸಾಮು ಮಾಡುತ್ತಿದ್ದರಲ್ಲ, ಹೆಚ್ಚುಕಡಿಮೆ ಹಾಗೆ. ಆದರೆ ಇಲ್ಲಿ ಕುಸ್ತಿ ಇಲ್ಲ. ಎಷ್ಟು ಭಾರ ಎತ್ತಿದರು ಅನ್ನೋ ಲೆಕ್ಕವೂ ಇಲ್ಲ. 2000ನೇ ಇಸವಿಯಲ್ಲಿ ಕರ್ಣಂ ಮಲ್ಲೇಶ್ವರಿ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದರು. ಅದು ಭಾರ ಎತ್ತುವ ಸ್ಪರ್ಧೆ. ದೇಹದಾರ್ಢ್ಯದಲ್ಲಿ ಭಾರ ಎತ್ತೋದೆಲ್ಲ ಮೊದಲೇ ಮುಗಿದಿರುತ್ತದೆ. ಸ್ಪರ್ಧೆಯ ದಿನ ವೇದಿಕೆ ಮೇಲೆ ನಿಂತು ತೋಳು, ಬೆನ್ನು, ಕಾಲಿನ ಮಾಂಸಖಂಡ ತೋರಿಸಬೇಕು. ಸಂಗೀತ ಹಾಕುತ್ತಾರೆ. ಅದಕ್ಕೆ ಹೊಂದಿಕೊಂಡು ಒಂದು ಭಂಗಿಯಿಂದ ಇನ್ನೊಂದು ಭಂಗಿಗೆ ತಿರುಗಬೇಕು. ಅದೂ ಒಂದು ಕಲೆಯೇ. ಕುಣಿತಕ್ಕೆ ಬೇಕಾದಷ್ಟೇ ಅಭ್ಯಾಸ ಬೇಕು.

ಶೆಫರ್ಡ್ ಅವರು ಸಣ್ಣ ವಯಸ್ಸಿನಿಂದ ಕಸರತ್ತು ಮಾಡಿದವರಲ್ಲ. ಶಾಲೆಯೊಂದರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದರು. 56 ವರ್ಷದವರೆಗೆ ವ್ಯಾಯಾಮ ಅಂದರೆ ಏನಂತ ತಲೆ ಕೆಡಿಸಿಕೊಂಡವರೇ ಅಲ್ಲ. ಒಂದು ದಿನ ಅಕ್ಕ ಮಿಲ್ಡ್ರೆಡ್ ಜೊತೆ ಈಜುವ ಬಟ್ಟೆ ಕೊಳ್ಳಲು ಅಂಗಡಿಗೆ ಹೋದರು. ಬಟ್ಟೆ ಹಾಕಿಕೊಂಡು ಕನ್ನಡಿ ಮುಂದೆ ನಿಂತರು. ಅಕ್ಕನನ್ನು ನೋಡಿ ತಂಗಿ ನಕ್ಕರು, ತಂಗಿಯನ್ನು ನೋಡಿ ಅಕ್ಕ ನಕ್ಕರು. ನಕ್ಕು ಮನೆಗೆ ಹೋಗಿ ಸುಮ್ಮನಾಗಬಹುದಿತ್ತು. ಆಗಲಿಲ್ಲ. ಇಬ್ಬರೂ ವ್ಯಾಯಾಮದ ತರಗತಿಗೆ ಸೇರಿದರು.

ಮಿಲ್ಡ್ರೆಡ್‌ಗೆ ದೊಡ್ಡ ಆಸೆ ಇತ್ತು. ಇಬ್ಬರ ಹೆಸರೂ ಗಿನ್ನೆಸ್ ದಾಖಲೆ ಪುಸ್ತಕದಲ್ಲಿ ಬರಬೇಕು ಅಂತ. ನಮ್ಮಲ್ಲಿ ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರು ಇದನ್ನು ಬಿಡಬಾರದು ಅಂತಲೂ ಅಕ್ಕ ತಂಗಿ ಮಾತಾಡಿಕೊಂಡಿದ್ದರು.

ಹಾಗೇ ಆಯಿತು. ಮಿದುಳಿನ ರಕ್ತನಾಳದ ತೊಂದರೆಯಿಂದ ಮಿಲ್ಡ್ರೆಡ್ ತೀರಿಕೊಂಡರು.

ಶೆಫರ್ಡ್ ಕುಸಿದು ಹೋದರು. ವ್ಯಾಯಾಮ ನಿಂತಿತು. ರಕ್ತದ ಒತ್ತಡ ಏರಿತು. ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಂಡು ಹೆದರಿಕೆ ಆಗುತ್ತಿತ್ತು. ದುಃಖ ಮನಸ್ಸಿನಲ್ಲಿ ಮಾತ್ರ ಇರುತ್ತೆ ಅಂತಾರೆ. ಇಲ್ಲ, ಅದು ಮೈಗೂ ಬರುತ್ತೆ. ಇಲ್ಲಿ ಕೂತ ಎಷ್ಟೋ ಜನಕ್ಕೆ ಇದು ಗೊತ್ತು. ಕೊನೆಗೆ ಕೊಟ್ಟ ಮಾತು ನೆನಪಾಗಿ ಅವರು ಮತ್ತೆ ಎದ್ದರು.

71ನೇ ವಯಸ್ಸಿನಲ್ಲಿ ಯಾನಿ ಶ್ಯಾಂಬರ್ಗರ್ ಅನ್ನೋ ತರಬೇತುದಾರರ ಹತ್ತಿರ ದೇಹದಾರ್ಢ್ಯ ಕಲಿತರು. ಅವರು ಹಿಂದೆ ಮಿಸ್ಟರ್ ಯೂನಿವರ್ಸ್ ಪದವಿ ಗೆದ್ದವರು. ಶೆಫರ್ಡ್ ಸ್ಪರ್ಧೆಗಳಲ್ಲಿ ವೇದಿಕೆ ಹತ್ತಿದರು. 2010ರಲ್ಲಿ ಗಿನ್ನೆಸ್ ಪುಸ್ತಕದವರು ಅವರನ್ನು ಸ್ಪರ್ಧಿಸುವ ದೇಹದಾರ್ಢ್ಯ ಪಟುಗಳಲ್ಲಿ ಜಗತ್ತಿನ ಅತಿ ಹಿರಿಯ ಹೆಂಗಸು ಅಂತ ಗುರುತಿಸಿದರು. ಅಕ್ಕನ ಆಸೆ ಅರ್ಧ ಕೈಗೂಡಿತು. ಎರಡು ಹೆಸರು ಇರಬೇಕಾದ ಕಡೆ ಒಂದೇ ಹೆಸರು.

ಪದಕದ ಕಥೆ ಇಷ್ಟೇ. ನಮಗೆ ಹೆಚ್ಚು ಮೆಚ್ಚುಗೆ ಆದದ್ದು ಇನ್ನೊಂದು. ಅವರು ಬೇರೆ ಹೆಂಗಸರಿಗೆ ಕಲಿಸಲು ನಿಂತರು. ನಸುಕಿನಲ್ಲಿ 3 ಗಂಟೆಗೆಲ್ಲ ಎದ್ದು, ಧ್ಯಾನ ಮಾಡಿ, ನಡಿಗೆ ಓಟ ಮುಗಿಸಿ, ಆಮೇಲೆ ವ್ಯಾಯಾಮ ಶಾಲೆಗೆ ಹೋಗುತ್ತಿದ್ದರು. ತಮ್ಮ ಚರ್ಚಿನಲ್ಲೂ ವಯಸ್ಸಾದ ಹೆಂಗಸರನ್ನು ಸೇರಿಸಿ ತರಗತಿ ನಡೆಸಿದರು. ಹೇಳಿಕೊಡುವವರು ತಮಗಿಂತ ಹಿರಿಯರಾದರೆ "ನನ್ನ ಕೈಲಿ ಆಗಲ್ಲಮ್ಮ" ಅಂತ ಯಾರು ತಾನೇ ಹೇಳುತ್ತಾರೆ! ಬಟ್ಟೆಬರೆಗೆ ರೂಪದರ್ಶಿಯಾಗಿಯೂ ದುಡಿದರು. 2016ರಲ್ಲಿ ತಮ್ಮ ಜೀವನದ ಬಗ್ಗೆ ಪುಸ್ತಕವನ್ನೇ ತಂದರು. ಆ ವರ್ಷ ಅವರಿಗೆ 80 ತುಂಬಿತು.

ನೀವು ಕೇಳಬಹುದು. ನಾವು ದಿನಾ ಕೊಡ ಹೊರ್ತೀವಿ, ಸೌದೆ ಹೊರ್ತೀವಿ, ನಮಗೆ ಯಾಕೆ ಮತ್ತೆ ಭಾರ? ನ್ಯಾಯವಾದ ಪ್ರಶ್ನೆ. 15 ಲೀಟರಿನ ಕೊಡದಲ್ಲಿ ನೀರೇ 15 ಕೆ.ಜಿ. ಆದರೆ ಆ ಭಾರ ಯಾವಾಗಲೂ ಅದೇ ಸೊಂಟಕ್ಕೆ, ಅದೇ ಕುತ್ತಿಗೆಗೆ. ವ್ಯಾಯಾಮದಲ್ಲಿ ಚಿಕ್ಕ ಭಾರದಿಂದ ಶುರು. ಎರಡೂ ಕೈಗೆ ಸಮ. ನಡುವೆ ವಿಶ್ರಾಂತಿ. ಮಾಂಸಖಂಡ ಬೆಳೆಯೋದು ಆ ವಿಶ್ರಾಂತಿಯಲ್ಲಿ, ಹೊಟ್ಟೆಗೆ ಸರಿಯಾಗಿ ಬಿದ್ದಾಗ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಮಿತವಾಗಿ ಭಾರ ಎತ್ತಿದರೆ ಮೂಳೆಗೂ ಬಲ.

ಊಟದ ಮಾತು ಬಂತು. ಶೆಫರ್ಡ್ ಅವರು ಮೊಟ್ಟೆಯ ಬಿಳಿ, ಕೋಳಿ, ತರಕಾರಿ ತಿನ್ನುತ್ತಿದ್ದರು, ಹೊತ್ತು ಹೊತ್ತಿಗೆ. ನಾವು? ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ಸಾರು ನಮಗೆ. ಹುರುಳಿ, ಕಡಲೆಕಾಯಿ, ಸೊಪ್ಪು, ಮೊಟ್ಟೆ ನಮ್ಮ ಊರಲ್ಲೂ ಸಿಗುತ್ತೆ. ನಮ್ಮ ತಟ್ಟೆಗೆ ಬರೋದಿಲ್ಲ, ಅಷ್ಟೇ. ಈ ವಿಷಯ ಮನೆಯಲ್ಲಿ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹೇಳೋದು ಭಾರ ಎತ್ತೋದಕ್ಕಿಂತ ಕಷ್ಟ, ನಮಗೂ ಗೊತ್ತು.

ನಾಳೆಯೇ ಯಾರೂ ಗುಂಡುಕಲ್ಲು ಎತ್ತಲು ಹೋಗಬೇಡಿ. ಬಿ.ಪಿ., ಸಕ್ಕರೆ ಕಾಯಿಲೆ, ಮಂಡಿ ನೋವು ಇದ್ದವರು, ಬಸುರಿಯರು, ಮೊದಲು ಆಸ್ಪತ್ರೆಯಲ್ಲಿ ಕೇಳಿ. ಉಳಿದವರು ಬರೋ ತರಗತಿಗೆ ಸ್ಲೇಟಿನ ಜೊತೆ ಅರ್ಧ ಲೀಟರಿನ ಎರಡು ಖಾಲಿ ಬಾಟಲಿ ತನ್ನಿ. ನೀರು ಇಲ್ಲೇ ತುಂಬಿಕೊಳ್ಳೋಣ. ಓದು ಶುರು ಮಾಡುವ ಮೊದಲು ಹತ್ತು ಸಲ ಎತ್ತಿ ಇಳಿಸೋಣ. ನಗುವವರು ಕಿಟಕಿ ಹತ್ತಿರ ನಿಂತು ನಗಲಿ, ಜಾಗ ಇದೆ.