ಹೊರದೇಶದ ಓದು: ಹಾಸ್ಟೆಲ್ ಗೆಳೆಯರಿಗೆ ನಾಲ್ಕು ಮಾತು

(ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ಹೊರದೇಶದ ಓದು ಅಂದಕೂಡಲೇ ನಮ್ಮ ಹಾಸ್ಟೆಲುಗಳಲ್ಲಿ ಹುಡುಗರು ನಗುತ್ತಾರೆ. 'ಮೆಸ್ಸಿನ ಸಾರಿಗೇ ಬೇಳೆ ಇಲ್ಲ, ಇನ್ನು ಲಂಡನ್ನಿಗೆ ಹೋಗ್ತೀವಾ' ಅಂತಾರೆ. ಆ ದಾರಿ ನಮ್ಮದಲ್ಲ ಅಂತ ತಲೆತಲಾಂತರದಿಂದ ನಮ್ಮ ಕಿವಿಗೆ ತುಂಬಿದ್ದಾರೆ. ಉಳ್ಳವರ ಮನೆಯ ಮಗುವಿಗೆ ಅಮೆರಿಕದ ಚಿಕ್ಕಪ್ಪ ದಾರಿ ಹೇಳಿಕೊಡುತ್ತಾನೆ. ನಮಗೆ ಅಂಥ ಚಿಕ್ಕಪ್ಪ ಇಲ್ಲ. ಅದಕ್ಕೇ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು.

1913ರಲ್ಲಿ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಆಮೇಲೆ ಲಂಡನ್ನಿಗೆ ಹೋದರು. ವೇತನದ ಅವಧಿ ಮುಗಿದು 1917ರಲ್ಲಿ ಓದು ಅರ್ಧಕ್ಕೇ ಬಿಟ್ಟು ಬಂದರು. ಬರೋಡಾದಲ್ಲಿ ಅಷ್ಟು ಓದಿದವರಿಗೆ ಇರಲು ಒಂದು ಕೋಣೆ ಸಿಗಲಿಲ್ಲ. ಆದರೂ ದುಡಿದು ಉಳಿಸಿ, ಸಾಲ ಮಾಡಿ, 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿದರು. ಹಣ ನಿಂತಿತು, ಓದು ನಿಲ್ಲಲಿಲ್ಲ.

ಈಗ ನಮ್ಮ ಪಾಲಿಗೆ ಏನಿದೆ? ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 125 ಜನಕ್ಕೆ. ಅದರಲ್ಲಿ 115 ಪರಿಶಿಷ್ಟ ಜಾತಿಗೆ. ಉಳಿದದ್ದು ಅಲೆಮಾರಿಗಳಿಗೆ, ಭೂಹೀನ ಕೂಲಿಗಳ ಮತ್ತು ಕುಶಲಕರ್ಮಿಗಳ ಮಕ್ಕಳಿಗೆ. ನೂರಕ್ಕೆ 30 ಹೆಣ್ಣುಮಕ್ಕಳಿಗೆ ಮೀಸಲು. ಇದು ಎಂ.ಎ., ಎಂ.ಎಸ್ಸಿ., ಪಿಎಚ್.ಡಿ.ಯಂಥ ಓದಿಗೆ ಮಾತ್ರ, ಡಿಗ್ರಿಗೆ ಅಲ್ಲ. ಶೇಕಡಾ 60 ಅಂಕ ಬೇಕು, ವಯಸ್ಸು 35ರ ಒಳಗಿರಬೇಕು, ಮನೆಯ ವರಮಾನ ಎಂಟು ಲಕ್ಷ ಮೀರಬಾರದು. ಶುಲ್ಕ, ವಿಮಾನದ ಖರ್ಚು, ವೀಸಾ, ಊಟ-ವಸತಿ ಎಲ್ಲಾ ಬರುತ್ತೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆಯೂ ಇದೆ. ಇವಲ್ಲದೆ ಬ್ರಿಟನ್ನಿನ ಚೀವ್ನಿಂಗ್, ಕಾಮನ್‌ವೆಲ್ತ್, ಯುರೋಪಿನ ಎರಾಸ್ಮಸ್ ಮುಂಡಸ್. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವೇ ಇಲ್ಲ. ಆದರೆ ಒಂದು ವರ್ಷದ ಊಟ-ವಸತಿಯ ದುಡ್ಡನ್ನ ವೀಸಾಕ್ಕೆ ಮೊದಲೇ ತೋರಿಸಬೇಕು.

ಆದರೆ ಸರ್ಕಾರದ ಮಾತನ್ನೇ ನಂಬಿ ಕೂರಬೇಡಿ. 2025ರಲ್ಲಿ ಕೇಂದ್ರದ ವೇತನಕ್ಕೆ 106 ಜನರನ್ನು ಆರಿಸಿ, ಮೊದಲು 40 ಜನಕ್ಕೆ ಮಾತ್ರ ಪತ್ರ ಕೊಟ್ಟರು. ಉಳಿದವರಿಗೆ 'ಹಣ ಇದ್ದರೆ ನೋಡೋಣ' ಅಂದರು. ಒಂದೇ ಕಡೆ ಅರ್ಜಿ ಹಾಕಿದವರ ಗತಿ ಏನು? ಮೂರು ನಾಲ್ಕು ಕಡೆ ಹಾಕಿ.

ಇನ್ನೊಂದು ಮಾತು. 2022ರಲ್ಲಿ ಇದೇ ವೇತನಕ್ಕೆ ಹೊಸ ನಿಯಮ ತಂದರು. ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಬಗ್ಗೆ ಸಂಶೋಧನೆ ಮಾಡುವವರಿಗೆ ಹಣ ಇಲ್ಲ ಅಂತ. 1916ರಲ್ಲಿ ಬಾಬಾಸಾಹೇಬರು ಕೊಲಂಬಿಯಾದಲ್ಲಿ ಮಂಡಿಸಿದ ಪ್ರಬಂಧ ಯಾವುದರ ಮೇಲೆ? ಭಾರತದ ಜಾತಿಗಳ ಮೇಲೆ! ಈ ನಿಯಮ ಅಂದು ಇದ್ದಿದ್ದರೆ ಅವರಿಗೂ ಬಾಗಿಲು ಮುಚ್ಚುತ್ತಿತ್ತು. ಜಾತಿಯ ಬಗ್ಗೆ ನಾವು ಓದಬಾರದು ಅನ್ನೋರು ಯಾರು, ಯಾಕೆ? ಇದನ್ನ ನಾವು ಕೇಳಬೇಕು.

ಈಗ ಕೆಲಸದ ಮಾತು. ಕೊನೇ ವರ್ಷ ಬರೋ ತನಕ ಕಾಯಬೇಡಿ, ಒಂದು ವರ್ಷ ಮೊದಲೇ ಶುರುಮಾಡಿ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ, ಆಧಾರಿನಲ್ಲಿ, ಜಾತಿ ಪತ್ರದಲ್ಲಿ ಹೆಸರು ಒಂದೇ ಇದೆಯಾ ನೋಡಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೆಯಬೇಕು. ಎಷ್ಟೋ ಜನರ ಅರ್ಜಿ ಇಲ್ಲೇ ಸಿಕ್ಕಿಬೀಳುತ್ತೆ. ಜಾತಿ, ವರಮಾನ ಪತ್ರಗಳಿಗೆ ನಾಡಕಚೇರಿಗೆ ಈಗಲೇ ಹೋಗಿ. ಶಿಫಾರಸು ಪತ್ರ ಕೊಡುವ ಮೇಷ್ಟರನ್ನ ಈಗಲೇ ಮಾತಾಡಿಸಿ. ಅರ್ಜಿ ಶುಲ್ಕ ಮಾಫಿ ಮಾಡಿ ಅಂತ ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿ. ಅನೇಕ ಕಡೆ ಮಾಡುತ್ತಾರೆ. ಕೇಳೋಕೆ ನಾಚಿಕೆ ಬೇಡ.

ಪಟ್ಟಣದ ಏಜೆಂಟರ ಬಗ್ಗೆ ಎಚ್ಚರ. ಸೀಟು ಕೊಡಿಸ್ತೀವಿ ಅನ್ನುವ ಅನೇಕರಿಗೆ ಆ ಕಾಲೇಜಿನಿಂದಲೇ ಕಮಿಷನ್ ಬರುತ್ತೆ. ಅವರು ತೋರಿಸುವುದು ಕಮಿಷನ್ ಕೊಡುವ ಕಾಲೇಜು, ನಿಮಗೆ ತಕ್ಕ ಕಾಲೇಜಲ್ಲ. ಅವರ ಮಾತು ಕೇಳಿ ಅಪ್ಪನ ಎರಡೆಕರೆ ಹೊಲ ಅಡವಿಡಬೇಡಿ.

ಅಲ್ಲಿ ಜಾತಿ ಇಲ್ಲ ಅಂತಲೂ ತಿಳಿಯಬೇಡಿ. ಇಲ್ಲಿಂದ ಹೋದವರು ಪೆಟ್ಟಿಗೆಯಲ್ಲಿ ಅದನ್ನೂ ಒಯ್ದಿದ್ದಾರೆ. ಅದಕ್ಕೇ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯ 2019ರಲ್ಲಿ, ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಬೇಕಾಯಿತು. ಇದು ಅಲ್ಲಿ ನಮ್ಮವರು ಬಾಯಿಬಿಟ್ಟು ಮಾತಾಡಿದ್ದರ ಫಲ.

ಹೋಗದವರು ಚಿಕ್ಕವರಲ್ಲ. ಆದರೆ ಹೋಗಬೇಕು ಅನ್ನೋರು ದಾರಿ ಗೊತ್ತಿಲ್ಲದೆ ನಿಲ್ಲಬಾರದು. ಪ್ರತಿ ಹಾಸ್ಟೆಲಿನಲ್ಲೂ ಒಂದು ದಪ್ಪ ನೋಟ್‌ಬುಕ್ ಇಡೋಣ. ಯಾವ ಅರ್ಜಿ, ಯಾವ ತಾರೀಖು, ಯಾವ ಕಾಗದ, ಎಲ್ಲಿ ತಡೆಯಾಯಿತು ಅಂತ ಬರೆದಿಡೋಣ. ಮೊದಲು ಹೋದವರು ಹಿಂದಿನವರಿಗೆ ಕಾಗದ ಬರೆಯಲಿ. ಮುಂದಿನ ಹುಡುಗಿಗೆ ನಾವೇ ಆ ಅಮೆರಿಕದ ಚಿಕ್ಕಪ್ಪ ಆಗೋಣ.

ಜೈ ಭೀಮ್.