ಸಭೆಯ ಮಾತು ಕೊನೆಯ ಹೊಲಕ್ಕೂ ಮುಟ್ಟಲಿ
(ಸಂತೆಕಲ್ಲೂರಿನ ರೈತರ ಕೂಟದಲ್ಲಿ ಮಾಡಿದ ಭಾಷಣ)



ಸಂತೆಕಲ್ಲೂರಿನ ಹೆಸರು ಹೇಳಿದೊಡನೆ ಒಕ್ಕಲುತನ ಬಲ್ಲವರಿಗೆ ಘನಮಠ ಶಿವಯೋಗಿಗಳು ನೆನಪಾಗುತ್ತಾರೆ. 19ನೆಯ ಶತಮಾನದಲ್ಲಿಯೇ ಅವರು ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಗ್ರಂಥವನ್ನು ರಚಿಸಿದರು. ಅಂಥ ಊರಿನಲ್ಲಿ ಉಳುಮೆ, ಬಿತ್ತನೆಯ ಮಾತು ಹೇಳುವುದಕ್ಕಿಂತ, ಇಂದಿನ ಬೇಸಾಯಕ್ಕೆ ಅಷ್ಟೇ ಅಗತ್ಯವಾದ ಇನ್ನೊಂದು ಕೆಲಸವನ್ನು ಕುರಿತು ಹೇಳುವುದು ಲೇಸು. ಅದು ಸಭೆ ನಡೆಸುವ ಕೆಲಸ.

ಇಂದು ರೈತನು ಒಬ್ಬನೇ ದುಡಿದರೆ ಸಾಲದು. ಸಾಲಕ್ಕೆ ಪತ್ತಿನ ಸಂಘ, ಹಾಲಿಗೆ ಹಾಲು ಉತ್ಪಾದಕರ ಸಂಘ, ಕಾಲುವೆ ನೀರಿಗೆ ನೀರು ಬಳಕೆದಾರರ ಸಂಘ ಬೇಕು. ಎಲ್ಲದಕ್ಕೂ ಸಭೆ ಬೇಕು. ಆದರೆ ಸಭೆಗೂ ಖರ್ಚುಂಟು. 40 ಜನ ಸೇರಿ 2 ಗಂಟೆ ಕುಳಿತರೆ 80 ಗಂಟೆಗಳಾದವು. ಅದು 10 ಆಳುಗಳ ಒಂದು ದಿನದ ದುಡಿಮೆ. ಏನೂ ತೀರ್ಮಾನವಾಗದೆ ಎದ್ದರೆ ಅಷ್ಟು ಕೂಲಿ ನಷ್ಟವಾದಂತೆಯೇ ಸರಿ.

ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಸಿಂಧನೂರು ಸೀಮೆಯ ಕಾಲುವೆಯನ್ನೇ ಉದಾಹರಣೆಗೆ ನೋಡಬಹುದು. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಸುಮಾರು 227 ಕಿ.ಮೀ. ಹರಿಯುತ್ತದೆ. ಯೋಜನೆಯಲ್ಲಿ ಹೆಚ್ಚು ಭಾಗ ಕಡಿಮೆ ನೀರಿನ ಬೆಳೆಗಳಿಗೇ ಮೀಸಲಾಗಿತ್ತು. ಆದರೆ ಮೇಲ್ಭಾಗದಲ್ಲಿ ಭತ್ತ ಹೆಚ್ಚಿತು, ಕೆಳಭಾಗಕ್ಕೆ ನೀರು ಕೊರೆಯಾಯಿತು. ಜಲಾಶಯದಲ್ಲಿಯೂ ಹೂಳು ತುಂಬಿ, ಮೊದಲಿದ್ದ 133 ಟಿ.ಎಂ.ಸಿ. ಸಾಮರ್ಥ್ಯ ಸುಮಾರು 105ಕ್ಕೆ ಇಳಿದಿದೆ. ಇದ್ದ ನೀರನ್ನು ರೈತರೇ ಕೂಡಿ ಹಂಚಿಕೊಳ್ಳಲೆಂದು 2000ದಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿಯಾಗಿ, ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅವಕಾಶ ದೊರೆಯಿತು.

ಇಂಥ ಒಂದು ಸಂಘದ ಸಭೆ ಸೇರಿದೆ ಎಂದು ಭಾವಿಸಿರಿ. ಯಾವ ತೂಬಿಗೆ ಯಾವ ದಿನ ಪಾಳಿ ಎಂಬುದು ವಿಷಯ. ಒಬ್ಬರು ಹೋದ ವರ್ಷದ ಗೊಬ್ಬರದ ಅಭಾವ ಎತ್ತುತ್ತಾರೆ. ಇನ್ನೊಬ್ಬರು ಬದುವಿನ ಹಳೆಯ ತಂಟೆ ತೆಗೆಯುತ್ತಾರೆ. ಅಲ್ಲಿಂದ ಚುನಾವಣೆಯ ಮಾತು ಬರುತ್ತದೆ. ಹೊತ್ತು ಮುಳುಗುತ್ತದೆ. ದೂರದಿಂದ ಬಂದ ಕೆಳಭಾಗದ ರೈತ ಕೊನೆಯ ಬಸ್ಸು ತಪ್ಪೀತೆಂದು ಎದ್ದು ಹೋಗುತ್ತಾನೆ. ಅವನು ಹೋದ ಮೇಲೆ ಉಳಿದವರು ಪಾಳಿ ಗೊತ್ತುಮಾಡುತ್ತಾರೆ. ಯಾರೂ ಮೋಸ ಮಾಡಬೇಕೆಂದು ಬಂದವರಲ್ಲ. ಆದರೂ ಅವನ ಸಸಿಮಡಿ ಒಣಗುತ್ತದೆ. ಮಾತು ದಾರಿ ತಪ್ಪಿದರೆ ನಷ್ಟ ಎಲ್ಲರಿಗೂ ಸಮನಾಗಿ ಆಗುವುದಿಲ್ಲ, ಬಡವನಿಗೂ ದೂರದವನಿಗೂ ಹೆಚ್ಚು ಆಗುತ್ತದೆ.

ಆದ್ದರಿಂದ ಸಂಘಗಳು ಈ ಕೆಳಗಿನ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು.

1. ವಿಷಯವನ್ನು ಪ್ರಶ್ನೆಯಾಗಿ ಬರೆಯಬೇಕು. ‘ನೀರಿನ ಸಮಸ್ಯೆ’ ಎಂದು ಬರೆದರೆ ಮಾತಿಗೆ ಕೊನೆಯಿಲ್ಲ. ‘ಮುಂದಿನ ವಾರ ಮೊದಲ ಪಾಳಿ ಯಾವ ತೂಬಿಗೆ?’ ಎಂದು ಬರೆದರೆ ಉತ್ತರ ಸಿಕ್ಕೊಡನೆ ಚರ್ಚೆ ಮುಗಿಯುತ್ತದೆ. ಒಂದು ಸಭೆಗೆ ಇಂಥ ಎರಡು ಮೂರು ಪ್ರಶ್ನೆಗಳು ಸಾಕು. ಅವುಗಳನ್ನು ಮುಂಚಿತವಾಗಿ ಸದಸ್ಯರಿಗೆ ತಿಳಿಸಬೇಕು.

2. ಕೈಯಲ್ಲಿರುವುದನ್ನೂ ಇಲ್ಲದಿರುವುದನ್ನೂ ಬೇರ್ಪಡಿಸಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಕೂಡಿಸುವ ತನಕ ಅಪಾರ ನೀರು ನದಿಗೆ ಹರಿಯಿತು. ಅಂಥ ಹೊತ್ತಿನಲ್ಲಿ ಸಿಟ್ಟು ಬರುವುದು ಸಹಜ. ಆದರೆ ಗೇಟು ಕೂಡಿಸುವುದು ಊರ ಸಭೆಯ ಕೆಲಸವಲ್ಲ. ಬರುವ ನೀರಿಗೆ ಯಾವ ಬೆಳೆ, ಯಾರಿಗೆ ಎಷ್ಟು ಎಂಬುದು ಅದರ ಕೆಲಸ. ಮೇಲಿನವರಿಗೆ ಹೇಳಬೇಕಾದುದನ್ನು ಒಂದು ಠರಾವಾಗಿ ಬರೆದು ಕಳುಹಿಸಿ, ತಮ್ಮ ಕೆಲಸಕ್ಕೆ ಮರಳಬೇಕು.

3. ಕೆಳಭಾಗದವರಿಗೆ ಮೊದಲ ಮಾತು ಕೊಡಬೇಕು. ಕಾಲುವೆಯಲ್ಲಿ ಅವರಿಗೆ ನೀರು ಕೊನೆಗೆ ಬರುತ್ತದೆ, ಸಭೆಯಲ್ಲಾದರೂ ಮಾತು ಮೊದಲು ಬರಲಿ. ಹೊಲ ನೋಡಿಕೊಳ್ಳುವ ಹೆಣ್ಣುಮಕ್ಕಳನ್ನೂ ಹೆಸರು ಹಿಡಿದು ಕೇಳಬೇಕು.

4. ಹೊರಗಿನ ಮಾತನ್ನು ತಳ್ಳಿಹಾಕದೆ ಬರೆದಿಡಬೇಕು. ಗೊಬ್ಬರದ ದೂರು ಸುಳ್ಳಲ್ಲ, ಆದರೆ ಅದಕ್ಕೆ ಬೇರೆ ದಿನವುಂಟು. ಅಧ್ಯಕ್ಷರು ‘ಹಿರಿಯರೆ, ನಿಮ್ಮ ಮಾತು ಬರೆದುಕೊಂಡಿದೆ, ಮುಂದಿನ ಸಭೆಯಲ್ಲಿ ಮೊದಲಿಗೆ ತೆಗೆದುಕೊಳ್ಳೋಣ’ ಎಂದರೆ ಮರ್ಯಾದೆಯೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಆದರೆ ಮುಂದಿನ ಸಭೆಯಲ್ಲಿ ಅದನ್ನು ತಪ್ಪದೆ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಎರಡನೆಯ ಸಲ ಯಾರೂ ನಂಬುವುದಿಲ್ಲ.

5. ಏಳುವ ಮೊದಲು ನಡಾವಳಿಯನ್ನು ಗಟ್ಟಿಯಾಗಿ ಓದಬೇಕು. ಏನು ತೀರ್ಮಾನ, ಯಾರು ಮಾಡಬೇಕು, ಯಾವ ದಿನದೊಳಗೆ ಎಂಬ ಮೂರೂ ಅದರಲ್ಲಿರಬೇಕು. ‘ಕಾಲುವೆ ಹೂಳು ತೆಗೆಯತಕ್ಕದ್ದು’ ಎಂದಷ್ಟೇ ಬರೆದರೆ ಯಾರೂ ಸಲಿಕೆ ಹಿಡಿಯುವುದಿಲ್ಲ. ಓದು ಬಾರದ ಸದಸ್ಯರಿಗೆ ಕೇಳಿಸಿದ ನಡಾವಳಿಯೇ ಆಧಾರ.

ಈ ಕ್ರಮಗಳು ಕಾಲುವೆಯ ಸಂಘಕ್ಕೆ ಮಾತ್ರ ಸಂಬಂಧಿಸಿದುವಲ್ಲ. ಮಳೆಯನ್ನೇ ನಂಬಿದ ಎರೆಹೊಲದ ರೈತರ ಸಂಘಕ್ಕೂ ಅನ್ವಯಿಸುತ್ತವೆ. ಹಿಂಗಾರಿ ಜೋಳದ ಬೀಜ ತರುವ ತೀರ್ಮಾನ ಎರಡು ಸಭೆ ಮುಂದೆ ಹೋದರೆ ಬಿತ್ತುವ ಹದ ಕಾಯುವುದಿಲ್ಲ.

ಸಭೆ ಚುಟುಕಾಗಿ ಮುಗಿಯಬೇಕೆಂದು ಯಾರ ಬಾಯಿಯನ್ನೂ ಕಟ್ಟಬೇಕಾಗಿಲ್ಲ. ತೀರ್ಮಾನವಾಗುವಾಗ ಕೊನೆಯ ತೂಬಿನ ರೈತ ಇನ್ನೂ ಅಲ್ಲಿ ಕುಳಿತಿದ್ದನೆ ಎಂಬುದನ್ನು ನೋಡಿಕೊಂಡರೆ ಸಾಕು. ಅವನಿದ್ದಾಗಲೇ ಮುಗಿದ ಸಭೆ ಸರಿಯಾಗಿ ನಡೆದ ಸಭೆ. ಮುಂದಿನ ಸಭೆಯಿಂದಲೇ ಒಂದು ಪ್ರಶ್ನೆ, ಒಂದು ನಡಾವಳಿ ಪುಸ್ತಕ ಇಟ್ಟುಕೊಂಡು ಇದನ್ನು ಆರಂಭಿಸಬಹುದು.